ಘಟ್ಟದ ಮೇಲಿನ ಮತ, ಘಟ್ಟದ ಕೆಳಗಿನ ಲೆಕ್ಕ: ಕ್ಷೇತ್ರ ಪುನರ್ವಿಂಗಡಣಾ ಆಯೋಗಕ್ಕೆ ಒಂದು ಬಹಿರಂಗ ಪತ್ರ

ಮುಂದೆ ರಚನೆಯಾಗಲಿರುವ ಕ್ಷೇತ್ರ ಪುನರ್ವಿಂಗಡಣಾ ಆಯೋಗದ ಅಧ್ಯಕ್ಷರಿಗೆ, ಸದಸ್ಯರಿಗೆ ಹಾಗೂ ಆಯೋಗದ ಸಹ ಸದಸ್ಯರಾಗಲಿರುವ ಕರ್ನಾಟಕದ ಸಂಸದರು ಮತ್ತು ಶಾಸಕರಿಗೆ,

ಮಾನ್ಯರೇ,

2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡು ಜನಗಣತಿ ನಡೆಸುವುದಾಗಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ದಿನದಿಂದ ದಕ್ಷಿಣದ ರಾಜ್ಯಗಳಲ್ಲಿ ನಡೆಯುತ್ತಿರುವ ಚರ್ಚೆಯೆಲ್ಲ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತಿದೆ: ಗಣತಿಯ ಅಂಕಿ ಆಧರಿಸಿ ಲೋಕಸಭಾ ಸ್ಥಾನಗಳನ್ನು ಮರುಹಂಚಿದರೆ ನಮ್ಮ ರಾಜ್ಯಕ್ಕೆ ಎಷ್ಟು ಸ್ಥಾನ? ಆ ಪ್ರಶ್ನೆ ದೊಡ್ಡದು, ಅದನ್ನು ಕೇಳಲು ದೊಡ್ಡವರಿದ್ದಾರೆ. ನಾನು ಕೇಳಬೇಕೆಂದಿರುವುದು ಅದಕ್ಕಿಂತ ಚಿಕ್ಕದಾದ, ಆದರೆ ತಾಲ್ಲೂಕುಗಳಲ್ಲಿ ಬದುಕುವವರಿಗೆ ಹೆಚ್ಚು ಹತ್ತಿರವಾದ ಇನ್ನೊಂದು ಪ್ರಶ್ನೆ. ರಾಜ್ಯಕ್ಕೆ ಸಿಕ್ಕ ಸ್ಥಾನಗಳು ಎಷ್ಟೇ ಇರಲಿ, ಅವುಗಳ ಗಡಿರೇಖೆ ಎಲ್ಲಿ ಹಾದುಹೋಗುತ್ತದೆ? ಈ ಪ್ರಶ್ನೆಗೆ ನಮ್ಮ ಕ್ಷೇತ್ರದ ಚರಿತ್ರೆಯಲ್ಲಿ ಸಾಕಷ್ಟು ಪುರಾವೆ ಇದೆ ಎಂಬ ನಂಬಿಕೆಯಿಂದ, ಚಿಕ್ಕಮಗಳೂರು ಎಂದಿದ್ದು 2008ರಿಂದ ಉಡುಪಿ ಚಿಕ್ಕಮಗಳೂರು ಎಂದಾಗಿರುವ ಲೋಕಸಭಾ ಕ್ಷೇತ್ರದ ಕಡತವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಕರ್ನಾಟಕದ ವಿಧಾನಸಭಾ ಕ್ಷೇತ್ರಗಳ ಪಟ್ಟಿಯಲ್ಲಿ 118ನೆಯದು ಬೈಂದೂರು, 127ನೆಯದು ಕಡೂರು. ನಡುವೆ ಕುಂದಾಪುರ, ಉಡುಪಿ, ಕಾಪು, ಕಾರ್ಕಳ, ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ. ಈ ಹತ್ತರಲ್ಲಿ ಮೊದಲ ಐದು ಉಡುಪಿ ಜಿಲ್ಲೆಗೆ ಸೇರಿದರೆ ಉಳಿದ ಐದು ಚಿಕ್ಕಮಗಳೂರು ಜಿಲ್ಲೆಗೆ ಸೇರುತ್ತವೆ. ರಾಜ್ಯದಲ್ಲಿ 224 ವಿಧಾನಸಭಾ ಸ್ಥಾನಗಳಿಗೆ 28 ಲೋಕಸಭಾ ಸ್ಥಾನಗಳಿರುವುದರಿಂದ ಒಂದೊಂದಕ್ಕೆ ಎಂಟೆಂಟು ಬರಬೇಕು. ವಿಧಾನಸಭಾ ಕ್ಷೇತ್ರವನ್ನು ಒಡೆದು ಎರಡು ಲೋಕಸಭಾ ಕ್ಷೇತ್ರಗಳಿಗೆ ಹಂಚಲು ಕಾಯ್ದೆಯಲ್ಲಿ ಅವಕಾಶವಿಲ್ಲ. ಹಾಗಾಗಿ ಹತ್ತರಲ್ಲಿ ಎರಡು ಹೊರಗುಳಿಯಲೇಬೇಕಾಯಿತು. ತಲೆಯಲ್ಲಿದ್ದ ಬೈಂದೂರು ಶಿವಮೊಗ್ಗಕ್ಕೆ ಹೋಯಿತು, ಬಾಲದಲ್ಲಿದ್ದ ಕಡೂರು ಹಾಸನಕ್ಕೆ ಹೋಯಿತು. ಮರವಂತೆಯ ಕಡಲ ದಂಡೆಯ ಮೀನುಗಾರ ಇಂದು ತನ್ನ ಸಂಸದರನ್ನು ಶಿವಮೊಗ್ಗದಲ್ಲಿ ಹುಡುಕಬೇಕು. ಇದು ಯಾರದೋ ದುರುದ್ದೇಶದ ಫಲ ಎಂದು ನಾನು ಹೇಳುತ್ತಿಲ್ಲ. ಲೆಕ್ಕ ಸರಿಯಾಗಿಯೇ ಇದೆ, ಆದರೆ ಲೆಕ್ಕ ಹಾಕಿದವರ ಮೇಜಿನ ಮೇಲೆ ಪಶ್ಚಿಮ ಘಟ್ಟ ಇದ್ದಂತೆ ಕಾಣುವುದಿಲ್ಲ.

ಕಾಯ್ದೆಯಲ್ಲಿ ಮಾತ್ರ ಘಟ್ಟ ಇದೆ. 2002ರ ಕ್ಷೇತ್ರ ಪುನರ್ವಿಂಗಡಣಾ ಕಾಯ್ದೆಯ 9ನೇ ಕಲಂ, ಕ್ಷೇತ್ರಗಳು ಸಾಧ್ಯವಾದಮಟ್ಟಿಗೆ ಭೌಗೋಳಿಕವಾಗಿ ಒತ್ತಾಗಿರಬೇಕು, ನೈಸರ್ಗಿಕ ಲಕ್ಷಣ, ಆಡಳಿತ ಘಟಕಗಳ ಈಗಿನ ಗಡಿ, ಸಂಪರ್ಕ ಸೌಲಭ್ಯ ಮತ್ತು ಸಾರ್ವಜನಿಕರ ಅನುಕೂಲವನ್ನು ಗಮನದಲ್ಲಿಡಬೇಕು ಎನ್ನುತ್ತದೆ. ಈಗ ನಮ್ಮ ಕ್ಷೇತ್ರದ ದಾರಿಗಳನ್ನೇ ನೋಡಿ. ಶೃಂಗೇರಿಯಿಂದ ಉಡುಪಿಗೆ ಇಳಿಯಲು ಆಗುಂಬೆ ಘಾಟಿಯ ದಾರಿ ಹಿಡಿದರೆ ನಡುವೆ ಸಿಗುವ ಆಗುಂಬೆ ತೀರ್ಥಹಳ್ಳಿ ತಾಲ್ಲೂಕಿನದು, ಅಂದರೆ ಶಿವಮೊಗ್ಗ ಕ್ಷೇತ್ರದ್ದು. ಮೂಡಿಗೆರೆಯಿಂದ ಚಾರ್ಮಾಡಿ ಘಾಟಿಯಲ್ಲಿ ಇಳಿದರೆ ಸೇರುವುದು ಬೆಳ್ತಂಗಡಿಯನ್ನು, ಅಂದರೆ ದಕ್ಷಿಣ ಕನ್ನಡ ಕ್ಷೇತ್ರವನ್ನು. ಪ್ರಮುಖ ದಾರಿಗಳ ಪೈಕಿ ಕ್ಷೇತ್ರದ ಒಳಗೇ ಉಳಿಯುವುದು ಕೆರೆಕಟ್ಟೆಯಿಂದ ಮಾಳ, ಬಜಗೋಳಿಗೆ ಇಳಿಯುವ ದಾರಿ ಒಂದೇ. ಅದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡಿನ ನಡುವೆ, ಅರಣ್ಯ ಇಲಾಖೆಯ ಗೇಟುಗಳನ್ನು ದಾಟಿ ಸಾಗುತ್ತದೆ. ಆಷಾಢದಲ್ಲಿ ಮರ ಉರುಳಿದರೆ, ಗುಡ್ಡ ಜರಿದರೆ, ಈ ಮೂರರಲ್ಲಿ ಯಾವ ದಾರಿಯೂ ನಂಬುವಂಥದ್ದಲ್ಲ. ಒಂದೇ ಕ್ಷೇತ್ರದ ಎರಡು ಭಾಗಗಳ ನಡುವೆ ಓಡಾಡಲು ಪರಕ್ಷೇತ್ರದ ನೆಲ ತುಳಿಯಬೇಕಾದ ಸ್ಥಿತಿಯನ್ನು ಯಾವ ಅರ್ಥದಲ್ಲಿ ಒತ್ತಾದ ಕ್ಷೇತ್ರ ಎನ್ನುವುದು?

ಇನ್ನು ಮತದಾನದ ಚರಿತ್ರೆಗೆ ಬರುತ್ತೇನೆ. ಮೊದಲ ಮಹಾಚುನಾವಣೆಯಲ್ಲಿ ಘಟ್ಟದ ಮೇಲಿನವರು ಮೈಸೂರು ರಾಜ್ಯದ ಹಾಸನ ಚಿಕ್ಕಮಗಳೂರು ಕ್ಷೇತ್ರದಲ್ಲಿಯೂ, ಘಟ್ಟದ ಕೆಳಗಿನವರು ಮದ್ರಾಸ್ ರಾಜ್ಯದ ಕ್ಷೇತ್ರದಲ್ಲಿಯೂ ಮತ ಹಾಕಿದ್ದರು. ಕರಾವಳಿಯ ಉತ್ತರ ಭಾಗ ಉಳ್ಳಾಲ ಶ್ರೀನಿವಾಸ ಮಲ್ಯರನ್ನು ಮತ್ತೆ ಮತ್ತೆ ಕಳಿಸಿತು. 1967ರಲ್ಲಿ ಸ್ವತಂತ್ರ ಪಕ್ಷದ ಜೆ.ಎಂ. ಲೋಬೋ ಪ್ರಭು ಅವರನ್ನು ಗೆಲ್ಲಿಸಿ ಕಾಂಗ್ರೆಸ್ಸಿಗೆ ಅಚ್ಚರಿ ಉಂಟುಮಾಡಿತು. ಅದೇ ವರ್ಷ ಚಿಕ್ಕಮಗಳೂರು ಕ್ಷೇತ್ರ ಪ್ರಜಾ ಸಮಾಜವಾದಿ ಪಕ್ಷದ ಎಂ. ಹುಚ್ಚೇಗೌಡರನ್ನು ಆರಿಸಿತು. ಕಾಂಗ್ರೆಸ್ ಅಲ್ಲದ ಪಕ್ಷವನ್ನು ಎರಡೂ ಕಡೆಯವರು ಆರಿಸಿದರು ನಿಜ, ಆದರೆ ಕೆಳಗಿನವರು ಬಲಕ್ಕೂ ಮೇಲಿನವರು ಎಡಕ್ಕೂ ಹೊರಳಿದ್ದರು. 1971ರಲ್ಲಿ ಮತ್ತು 1977ರಲ್ಲಿ ಚಿಕ್ಕಮಗಳೂರಿನಿಂದ ಕಾಂಗ್ರೆಸ್ಸಿನ ಡಿ.ಬಿ. ಚಂದ್ರೇಗೌಡರು ಗೆದ್ದರು. ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋದ 1977ರಲ್ಲಿ ಕರ್ನಾಟಕದ 28ರಲ್ಲಿ 26 ಸ್ಥಾನಗಳು ಆ ಪಕ್ಷಕ್ಕೇ ದಕ್ಕಿದ್ದವು ಎಂಬುದನ್ನು ನೆನಪಿಟ್ಟುಕೊಂಡರೆ ಮರುವರ್ಷದ ಘಟನೆ ಆಕಸ್ಮಿಕ ಅನ್ನಿಸುವುದಿಲ್ಲ.

ರಾಯ್‌ಬರೇಲಿಯಲ್ಲಿ ರಾಜ್‌ನಾರಾಯಣ್ ಅವರಿಗೆ ಸೋತಿದ್ದ ಇಂದಿರಾ ಗಾಂಧಿಯವರಿಗಾಗಿ ಚಂದ್ರೇಗೌಡರು ಸ್ಥಾನ ಬಿಟ್ಟುಕೊಟ್ಟರು. 1978ರ ನವೆಂಬರ್ 5ರಂದು ಉಪಚುನಾವಣೆ ನಡೆಯಿತು. ಜನತಾ ಪಕ್ಷ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು ಎದುರು ನಿಲ್ಲಿಸಿತು. ಜಾರ್ಜ್ ಫರ್ನಾಂಡಿಸ್ ಅವರೂ ಬಂದು ಪ್ರಚಾರ ಮಾಡಿದರು. ‘ಏಕ್ ಶೇರ್ನಿ ಸೌ ಲಂಗೂರ್, ಚಿಕ್‌ಮಗಳೂರ್ ಭಾಯಿ ಚಿಕ್‌ಮಗಳೂರ್’ ಎಂಬ, ಒಂದು ಹೆಣ್ಣುಹುಲಿ ನೂರು ಮಂಗಗಳು ಎಂದು ಹೇಳುವ ಹಿಂದಿ ಘೋಷಣೆ ಅದರ ಅರ್ಥ ಗೊತ್ತಿಲ್ಲದವರ ಬಾಯಲ್ಲೂ ಕುಣಿಯಿತು. ಇಂದಿರಾ ಗಾಂಧಿಯವರು 77,333 ಮತಗಳ ಅಂತರದಿಂದ ಗೆದ್ದರು. ಆ ಹೊತ್ತಿಗೆ ಕ್ಷೇತ್ರದಲ್ಲಿ ಘಟ್ಟದ ಕೆಳಗಿನ ಕಾರ್ಕಳ ಮತ್ತು ಬೆಳ್ತಂಗಡಿಯೂ ಇದ್ದವು. ಈ ವಿಷಯಕ್ಕೆ ಮತ್ತೆ ಬರುತ್ತೇನೆ.

ಆ ಚುನಾವಣೆಯ ಬಗ್ಗೆ ಹೆಮ್ಮೆಪಡುವ ನಮ್ಮ ಹಿರಿಯರು ಅದರ ನಂತರದ ಕಥೆಯನ್ನು ಅಷ್ಟು ಉತ್ಸಾಹದಿಂದ ಹೇಳುವುದಿಲ್ಲ. ಗೆದ್ದು ಎರಡು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 19ರಂದು, ಹಕ್ಕುಚ್ಯುತಿಯ ಆರೋಪದ ಮೇಲೆ ಲೋಕಸಭೆ ಅವರ ಸದಸ್ಯತ್ವವನ್ನು ರದ್ದುಮಾಡಿ ಜೈಲಿಗೆ ಕಳಿಸಿತು. 1980ರಲ್ಲಿ ಅವರು ರಾಯ್‌ಬರೇಲಿಯಲ್ಲೂ ಮೇದಕ್‌ನಲ್ಲೂ ನಿಂತರು, ಇತ್ತ ತಿರುಗಿ ಬರಲಿಲ್ಲ. ಮುಂದೆ 1981ರಲ್ಲಿ ಲೋಕಸಭೆಯೇ ಆ ಉಚ್ಚಾಟನೆಯ ನಿರ್ಣಯವನ್ನು ಹಿಂತೆಗೆದುಕೊಂಡಿತು. ಇಲ್ಲಿ ಅವರ ವಿರುದ್ಧ ಸೋತ ವೀರೇಂದ್ರ ಪಾಟೀಲರು ಅಷ್ಟರಲ್ಲಿ ಅವರದೇ ಪಕ್ಷ ಸೇರಿ, ಬಾಗಲಕೋಟೆಯಿಂದ ಗೆದ್ದು, ಅವರದೇ ಸಂಪುಟದಲ್ಲಿ ಮಂತ್ರಿಯೂ ಆದರು. ಎಲ್ಲರ ಲೆಕ್ಕವೂ ಹೇಗೋ ಚುಕ್ತಾ ಆಯಿತು, ಮತ ಹಾಕಿದವರದನ್ನು ಬಿಟ್ಟು. ದೇಶದ ನಕ್ಷೆಯಲ್ಲಿ ಹೆಸರು ಮೂಡುವುದಕ್ಕೂ ಆ ಕ್ಷೇತ್ರಕ್ಕೆ ಕೆಲಸ ಮಾಡುವ ಪ್ರತಿನಿಧಿ ಸಿಗುವುದಕ್ಕೂ ನೇರ ಸಂಬಂಧವಿಲ್ಲ ಎಂಬುದು ನಮಗೆ ಆಗಲೇ ಗೊತ್ತಾಗಬೇಕಿತ್ತು. ಜಿಲ್ಲಾ ಕೇಂದ್ರಕ್ಕೆ ಕಡೂರಿನಿಂದ ರೈಲು ಬಂದದ್ದು 2013ರಲ್ಲಿ.

1980ರ ನಂತರದ್ದನ್ನು ಚುಟುಕಾಗಿ ಹೇಳಬಹುದು. ಕಾಂಗ್ರೆಸ್ಸಿನ ಡಿ.ಎಂ. ಪುಟ್ಟೇಗೌಡರು ಮತ್ತು ಡಿ.ಕೆ. ತಾರಾದೇವಿಯವರು 1991ರವರೆಗೆ ಒಬ್ಬರಾದ ಮೇಲೊಬ್ಬರಂತೆ ಎರಡೆರಡು ಬಾರಿ ಗೆದ್ದರು. ತಾರಾದೇವಿಯವರು ನರಸಿಂಹ ರಾವ್ ಸರ್ಕಾರದಲ್ಲಿ ರಾಜ್ಯ ಸಚಿವೆಯಾದರು. 1996ರಲ್ಲಿ ಜನತಾ ದಳದ ಬಿ.ಎಲ್. ಶಂಕರ್, 1998ರಿಂದ ಸತತ ಮೂರು ಬಾರಿ ಬಿಜೆಪಿಯ ಡಿ.ಸಿ. ಶ್ರೀಕಂಠಪ್ಪ. ಉಡುಪಿಯಲ್ಲಿ 1980ರಿಂದ 1996ರವರೆಗೆ ಐದು ಬಾರಿಯೂ ಆಸ್ಕರ್ ಫರ್ನಾಂಡಿಸ್ ಗೆದ್ದು, 1998ರ ನಂತರ ಆ ಸ್ಥಾನ ಬಿಜೆಪಿಗೆ, ಕಾಂಗ್ರೆಸ್ಸಿಗೆ, ಮತ್ತೆ ಬಿಜೆಪಿಗೆ ಕೈ ಬದಲಾಯಿಸಿತು. ಎರಡೂ ಕ್ಷೇತ್ರಗಳು ಯಾವ ಪಕ್ಷಕ್ಕೂ ಕಾಯಂ ಬರೆದುಕೊಟ್ಟವಾಗಿರಲಿಲ್ಲ, ಮತ್ತು ಮುಖ್ಯವಾಗಿ, ಎರಡೂ ತಮ್ಮ ತಮ್ಮ ವೇಗದಲ್ಲಿ, ತಮ್ಮ ತಮ್ಮ ಕಾರಣಗಳಿಗಾಗಿ ಮನಸ್ಸು ಬದಲಾಯಿಸಿದವು. 1996ರ ಒಂದೇ ಚುನಾವಣೆಯಲ್ಲಿ ಮೇಲಿನವರು ದಳವನ್ನೂ ಕೆಳಗಿನವರು ಕಾಂಗ್ರೆಸ್ಸನ್ನೂ ಆರಿಸಿದರು.

ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ ಇವೆರಡನ್ನೂ ಕೂಡಿಸಿ ಒಂದು ಮಾಡಿತು. ಕಾರಣ ಜನಸಂಖ್ಯೆ. 2001ರ ಗಣತಿಯ ಪ್ರಕಾರ ರಾಜ್ಯದ ಜನಸಂಖ್ಯೆಯನ್ನು 28ರಿಂದ ಭಾಗಿಸಿದರೆ ಒಂದು ಕ್ಷೇತ್ರಕ್ಕೆ ಸುಮಾರು 18.9 ಲಕ್ಷ ಬರುತ್ತಿತ್ತು. ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11,40,905 ಮಾತ್ರ. ಅದೇ ಏಟಿಗೆ ಬೀರೂರು ಮತ್ತು ಬ್ರಹ್ಮಾವರ ಎಂಬ ವಿಧಾನಸಭಾ ಕ್ಷೇತ್ರಗಳೂ ಪಟ್ಟಿಯಿಂದ ಮರೆಯಾದವು. 2011ರಲ್ಲಿ ಜಿಲ್ಲೆಯ ಜನಸಂಖ್ಯೆ 11,37,961ಕ್ಕೆ ಇಳಿಯಿತು. ಇಡೀ ರಾಜ್ಯದಲ್ಲಿ ಆ ದಶಕದಲ್ಲಿ ಜನಸಂಖ್ಯೆ ಕುಗ್ಗಿದ ಜಿಲ್ಲೆ ನಮ್ಮದೊಂದೇ. ಅದೇ ಅವಧಿಯಲ್ಲಿ ಬೆಂಗಳೂರು ನಗರ ಜಿಲ್ಲೆ 96 ಲಕ್ಷ ದಾಟಿತು. ಕುದುರೆಮುಖದ ಗಣಿ 2005ರ ಕೊನೆಯಲ್ಲಿ ನಿಂತು ಒಂದು ಪಟ್ಟಣವೇ ಖಾಲಿಯಾದದ್ದು, ಓದಿದ ಮಕ್ಕಳು ಬೆಂಗಳೂರು ಸೇರಿ ತೋಟದ ಮನೆಗಳಲ್ಲಿ ಮುದುಕರಷ್ಟೇ ಉಳಿದದ್ದು, ಕುಟುಂಬಗಳು ಚಿಕ್ಕದಾದದ್ದು, ಎಲ್ಲವೂ ಈ ಅಂಕಿಯೊಳಗೆ ಅಡಗಿವೆ. ಮುಂದಿನ ಗಣತಿಯಲ್ಲಿ ಈ ಅಂಕಿ ನಮ್ಮ ಪರವಾಗಿ ತಿರುಗುತ್ತದೆ ಎಂಬ ಭ್ರಮೆ ನನಗಿಲ್ಲ. ಹಾಗಾಗಿಯೇ ಗಣತಿಗೆ ಮುಂಚೆಯೇ ಈ ಪತ್ರ.

ವಿಲೀನದ ಪರಿಣಾಮ ಏನು? ಪಕ್ಷಗಳ ಗೆಲುವು ಸೋಲಿನಲ್ಲಿ ಅದನ್ನು ಹುಡುಕಬೇಡಿ. ಅಭ್ಯರ್ಥಿಗಳ ಊರುಗಳಲ್ಲಿ ಹುಡುಕಿ. 2009ರಲ್ಲಿ ಗೆದ್ದ ಬಿಜೆಪಿಯ ಡಿ.ವಿ. ಸದಾನಂದ ಗೌಡರು ಸುಳ್ಯದವರು. ಅವರು ಮುಖ್ಯಮಂತ್ರಿಯಾಗಿ ತೆರವು ಮಾಡಿದ ಸ್ಥಾನಕ್ಕೆ 2012ರಲ್ಲಿ ನಡೆದ ಉಪಚುನಾವಣೆಯಲ್ಲಿ ಸುಮಾರು 45 ಸಾವಿರ ಮತಗಳಿಂದ ಗೆದ್ದ ಕಾಂಗ್ರೆಸ್ಸಿನ ಕೆ. ಜಯಪ್ರಕಾಶ್ ಹೆಗ್ಡೆಯವರು ಬ್ರಹ್ಮಾವರದ ಮಾಜಿ ಶಾಸಕರು; ಅವರ ವಿರುದ್ಧ ಸೋತ ಸುನಿಲ್ ಕುಮಾರ್ ಕಾರ್ಕಳದವರು. 2014ರಲ್ಲಿ 1.81 ಲಕ್ಷ, 2019ರಲ್ಲಿ ಸುಮಾರು 3.5 ಲಕ್ಷ ಮತಗಳ ಅಂತರದಿಂದ ಗೆದ್ದ ಶೋಭಾ ಕರಂದ್ಲಾಜೆಯವರು ಪುತ್ತೂರು ಕಡೆಯವರು. 2019ರಲ್ಲಿ ಅವರ ಎದುರಾಳಿ ಪ್ರಮೋದ್ ಮಧ್ವರಾಜ್ ಉಡುಪಿಯವರು. 2024ರಲ್ಲಿ 2.59 ಲಕ್ಷ ಅಂತರದಿಂದ ಗೆದ್ದ ಕೋಟ ಶ್ರೀನಿವಾಸ ಪೂಜಾರಿಯವರ ಊರು ಅವರ ಹೆಸರಿನಲ್ಲೇ ಇದೆ. ಎದುರು ನಿಂತವರು ಮತ್ತೆ ಹೆಗ್ಡೆಯವರು. ಐದು ಚುನಾವಣೆಗಳಲ್ಲಿ ಗೆದ್ದವರೂ ಎರಡನೇ ಸ್ಥಾನ ಪಡೆದವರೂ ಘಟ್ಟದ ಕೆಳಗಿನವರೇ. ಇವರ ಯೋಗ್ಯತೆಯ ಬಗ್ಗೆ ನನ್ನ ತಕರಾರಿಲ್ಲ. ಕೆಲವರು ನಮ್ಮ ತೋಟಗಳಿಗೂ ಬಂದು ಅಹವಾಲು ಕೇಳಿಸಿಕೊಂಡವರು. ಆದರೆ ಯಾವ ಪಕ್ಷವೇ ಆಗಲಿ, ಟಿಕೆಟ್ ಕೊಡುವ ಹೊತ್ತಿಗೆ ಮತ ಎಲ್ಲಿ ದಟ್ಟವಾಗಿದೆಯೋ ಅತ್ತ ನೋಡುತ್ತದೆ, ಮತ ಇರುವುದು ಕರಾವಳಿಯ ಹೆದ್ದಾರಿಯ ಅಂಚಿನಲ್ಲಿ.

ಹಳೆಯ ಕ್ಷೇತ್ರದ ಕಾಲಕ್ಕೆ ಇದೇ ಅನ್ಯಾಯ ತಲೆಕೆಳಗಾಗಿ ನಡೆಯುತ್ತಿತ್ತು ಎಂಬುದನ್ನೂ ಹೇಳದಿದ್ದರೆ ನನ್ನ ಮಾತಿಗೆ ಬೆಲೆ ಇರುವುದಿಲ್ಲ. ಆಗ ಕಾರ್ಕಳ ಮತ್ತು ಬೆಳ್ತಂಗಡಿ ಎರಡನ್ನೂ ಲೆಕ್ಕ ಭರ್ತಿಮಾಡಲು ಚಿಕ್ಕಮಗಳೂರಿಗೆ ಸೇರಿಸಲಾಗಿತ್ತು. ಇಂದಿರಾ ಗಾಂಧಿಯವರನ್ನು ಬಿಟ್ಟರೆ ಆ ಮೂರು ದಶಕಗಳಲ್ಲಿ ಗೆದ್ದವರೆಲ್ಲ ಘಟ್ಟದ ಮೇಲಿನವರು. ಬೆಳ್ತಂಗಡಿಯ ರೈತ ತನ್ನ ಸಂಸದರಿಗಾಗಿ ಚಾರ್ಮಾಡಿ ಹತ್ತಬೇಕಿತ್ತು. ನಾವು ಆಗ ಅದನ್ನು ಗಮನಿಸಲಿಲ್ಲ, ಏಕೆಂದರೆ ದೊಡ್ಡ ಪಾಲು ನಮ್ಮದಾಗಿತ್ತು. ಆದ್ದರಿಂದ ಹಳೆಯ ಚಿಕ್ಕಮಗಳೂರು ಕ್ಷೇತ್ರವನ್ನೇ ಮರಳಿ ಕೊಡಿ ಎಂಬುದು ನನ್ನ ಬೇಡಿಕೆಯಲ್ಲ. ಘಟ್ಟವನ್ನು ಅಡ್ಡ ಹಾಯುವ ಗಡಿ ಎಳೆದಾಗಲೆಲ್ಲ ಯಾವುದೋ ಒಂದು ಕಡೆಯವರು ಬಾಲವಾಗಿಯೇ ಉಳಿದಿದ್ದಾರೆ ಎಂಬುದನ್ನು ಅರ್ಧ ಶತಮಾನದ ದಾಖಲೆ ತೋರಿಸುತ್ತದೆ ಎಂಬುದಷ್ಟೇ ನನ್ನ ಮಾತು.

2023ರ ವಿಧಾನಸಭಾ ಚುನಾವಣೆ ಈ ಒಡಕನ್ನು ಗೆರೆ ಕೊರೆದಂತೆ ತೋರಿಸಿತು. ಉಡುಪಿ ಜಿಲ್ಲೆಯ ಐದಕ್ಕೆ ಐದೂ ಬಿಜೆಪಿಗೆ, ಚಿಕ್ಕಮಗಳೂರು ಜಿಲ್ಲೆಯ ಐದಕ್ಕೆ ಐದೂ ಕಾಂಗ್ರೆಸ್ಸಿಗೆ. ಅಂದರೆ ಒಂದೇ ಲೋಕಸಭಾ ಕ್ಷೇತ್ರದೊಳಗೆ ನಾಲ್ಕು ಮತ್ತು ನಾಲ್ಕು, ಘಟ್ಟದ ನೆತ್ತಿಯೇ ಗಡಿ. ಇದರಿಂದ ಮಲೆನಾಡಿನವರಿಗೆ ಬೇರೆ ಪಕ್ಷದ ಸಂಸದರು ಬೇಕಿತ್ತು ಎಂಬ ತೀರ್ಮಾನಕ್ಕೆ ಬರುವುದು ಅವಸರವಾದೀತು. 2018ರಲ್ಲಿ ಇದೇ ಎಂಟರಲ್ಲಿ ಶೃಂಗೇರಿ ಒಂದನ್ನು ಬಿಟ್ಟು ಏಳೂ ಬಿಜೆಪಿಯ ಪಾಲಾಗಿದ್ದವು, ಮತ್ತು ವಿಧಾನಸೌಧಕ್ಕೆ ಒಂದು ಪಕ್ಷ, ದಿಲ್ಲಿಗೆ ಇನ್ನೊಂದು ಪಕ್ಷ ಎಂದು ಯೋಚಿಸಿ ಮತ ಹಾಕುವುದು ಕರ್ನಾಟಕದ ಮತದಾರರಿಗೆ ಹಳೆಯ ಅಭ್ಯಾಸ. ಆದರೆ ಐದೇ ವರ್ಷದಲ್ಲಿ ಒಂದು ಕಡೆ ಇಷ್ಟು ತೀವ್ರವಾಗಿ ಬದಲಾಗಿ ಇನ್ನೊಂದು ಕಡೆ ಕದಲದೆ ನಿಂತಿದ್ದರೆ, ಎರಡೂ ಕಡೆಯವರ ಮುಂದಿರುವ ಪ್ರಶ್ನೆಗಳೇ ಬೇರೆ ಎಂದಾದರೂ ಒಪ್ಪಬೇಕಾಗುತ್ತದೆ.

ಬೇರೆಯೇ ಹೌದು. ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಕಡೆ ಅಡಿಕೆಗೆ ಹಳದಿ ಎಲೆ ರೋಗ ತಗುಲಿ ತಲೆಮಾರುಗಳೇ ಕಳೆದಿವೆ, ಅದರ ಮೇಲೆ ಈಗ ಎಲೆಚುಕ್ಕೆ ರೋಗ. ರೋಗ ಹತ್ತಿದ ತೋಟದೊಳಗೆ ನಿಂತು ಮೇಲೆ ನೋಡಿದರೆ ಸುಳಿ ಕುಗ್ಗಿ, ಸೋಗೆ ತುದಿಯಿಂದ ಹಳದಿಗೆ ತಿರುಗಿ, ಬಿಸಿಲು ನೆಲದವರೆಗೆ ಬೀಳುತ್ತಿರುತ್ತದೆ; ಒಳ್ಳೆಯ ತೋಟದಲ್ಲಿ ಮಧ್ಯಾಹ್ನವೂ ಹಾಗೆ ಬಿಸಿಲು ಬೀಳಬಾರದು. ಮೂಡಿಗೆರೆಯಲ್ಲಿ ಕಾಡಾನೆ, ಕಾಫಿ ಬೆಳೆಗಾರರಿಗೆ ಸಾಲ ವಸೂಲಿಗೆ ಆಸ್ತಿ ಜಪ್ತಿ ಮಾಡುವ ಬ್ಯಾಂಕಿನ ಸರ್ಫೇಸಿ ನೋಟಿಸು, ಎಲ್ಲರಿಗೂ ಪಶ್ಚಿಮ ಘಟ್ಟದ ಸಂರಕ್ಷಣೆ ಕುರಿತ ಕಸ್ತೂರಿರಂಗನ್ ವರದಿಯ ಆತಂಕ. ತರೀಕೆರೆಯ ಬಯಲಿಗೆ ಹೋದರೆ ಭದ್ರಾ ನೀರಿನ ಮಾತು. ಕೆಳಗೆ ಮಲ್ಪೆಯಲ್ಲಿ ಡೀಸೆಲ್ ಸಬ್ಸಿಡಿ, ಕಡಲ್ಕೊರೆತ, ಹೆದ್ದಾರಿ 66ರ ಟೋಲು. ಇವೆಲ್ಲ ಕೇಂದ್ರ ಸರ್ಕಾರದ ಬಾಗಿಲು ತಟ್ಟಬೇಕಾದ ವಿಷಯಗಳೇ. ಒಬ್ಬ ಸಂಸದರು ಕೇಂದ್ರದ ಯೋಜನೆಗಳನ್ನು ಪರಿಶೀಲಿಸುವ ‘ದಿಶಾ’ ಸಭೆಗಳಲ್ಲಿ ಎರಡು ಜಿಲ್ಲೆಗಳಲ್ಲೂ ಕೂರಬೇಕು, ವರ್ಷಕ್ಕೆ ಸಿಗುವ 5 ಕೋಟಿ ರೂಪಾಯಿಯ ಸಂಸದರ ನಿಧಿಯನ್ನು ಕಡಲಿನಿಂದ ಬಯಲುಸೀಮೆಯವರೆಗೆ ಹರಡಬೇಕು. ಸಂಸತ್ತಿನಲ್ಲಿ ಪ್ರಶ್ನೆ ಕೇಳುವ ಸರದಿ ಸಿಕ್ಕ ದಿನ ಮೀನು ಮೊದಲೋ ಅಡಿಕೆ ಮೊದಲೋ ಎಂಬ ಆಯ್ಕೆಯನ್ನು ಅವರ ತಲೆಯ ಮೇಲೆ ಹೊರಿಸಿದ್ದು ಗಡಿರೇಖೆ.

ಕ್ಷೇತ್ರದಲ್ಲಿ ಇಂತಿಂಥ ಬೆಳೆ ಮಾತ್ರ ಇರಬೇಕು, ಒಂದೇ ಬಗೆಯ ಜನ ಇರಬೇಕು ಎಂದು ನಾನು ವಾದಿಸುತ್ತಿಲ್ಲ. ಒಂದೇ ಬಗೆಯ ಮತದಾರರ ಕ್ಷೇತ್ರ ಪ್ರಜಾಪ್ರಭುತ್ವಕ್ಕೆ ಒಳ್ಳೆಯದೂ ಅಲ್ಲ. ನನ್ನ ಅಹವಾಲು ಇಷ್ಟು: ಜನಸಂಖ್ಯೆಯ ಸಮತೋಲ ಸಾಧಿಸಲು ಚಿಕ್ಕಮಗಳೂರಿನ ಜೊತೆ ಬೇರೆ ತಾಲ್ಲೂಕುಗಳನ್ನು ಸೇರಿಸಲೇಬೇಕೆಂದಾದರೆ ಮೊದಲು ಘಟ್ಟದ ಮೇಲೆಯೇ ನೋಡಿ. ತೀರ್ಥಹಳ್ಳಿ, ಸಕಲೇಶಪುರ, ಬೇಲೂರುಗಳು ನಮ್ಮ ತಾಲ್ಲೂಕುಗಳಿಗೆ ಒತ್ತಿಕೊಂಡೇ ಇವೆ. ಮಳೆ, ಬೆಳೆ, ಸಂತೆ, ಸಂಬಂಧ ಎಲ್ಲದರಲ್ಲೂ ಒಂದಕ್ಕೊಂದು ಬೆಸೆದುಕೊಂಡಿವೆ. ಹಾಗೆ ಮಾಡಿದರೆ ಜಿಲ್ಲಾ ಗಡಿ ದಾಟಬೇಕಾಗುತ್ತದೆ ಎಂಬುದು ನನಗೂ ಗೊತ್ತು. ಆದರೆ ಬೈಂದೂರನ್ನೂ ಕಡೂರನ್ನೂ ಕಳಿಸುವಾಗ ದಾಟಿದ ಗಡಿಯನ್ನು ಇನ್ನೊಮ್ಮೆ ದಾಟಲು ಹಿಂಜರಿಕೆ ಯಾಕೆ? ಬೈಂದೂರು ತನ್ನ ಕರಾವಳಿಗೆ ಮರಳಲಿ. ಕಡೂರಿನವರಿಗೆ ಏನು ಬೇಕೋ ಅವರನ್ನೇ ಕೇಳಿ. ಬಯಲುಸೀಮೆಯ ಅವರ ಪರವಾಗಿ ಮಲೆನಾಡಿನವನಾದ ನಾನು ಮಾತಾಡುವುದು ಸರಿಯಲ್ಲ.

ಆಯೋಗದ ಆದೇಶ ಒಮ್ಮೆ ಪ್ರಕಟವಾದರೆ ಅದಕ್ಕೆ ಕಾನೂನಿನ ಬಲ. ಸಂವಿಧಾನದ 329ನೇ ವಿಧಿ ನ್ಯಾಯಾಲಯದ ಬಾಗಿಲನ್ನೂ ಮುಚ್ಚುತ್ತದೆ. ಪ್ರತಿ ರಾಜ್ಯದಿಂದ ಹತ್ತು ಮಂದಿ ಸಂಸದರು ಮತ್ತು ಶಾಸಕರು ಸಹ ಸದಸ್ಯರಾಗಿರುತ್ತಾರಾದರೂ ಅವರಿಗೆ ಮತದಾನದ ಹಕ್ಕಿಲ್ಲ. ಹೀಗಿರುವಾಗ ಸಾಮಾನ್ಯ ಮತದಾರನಿಗೆ ಉಳಿಯುವ ಒಂದೇ ಅವಕಾಶ ಕರಡು ಪ್ರಸ್ತಾವದ ಮೇಲೆ ನಡೆಯುವ ಸಾರ್ವಜನಿಕ ವಿಚಾರಣೆ. ದಯವಿಟ್ಟು ಅದನ್ನು ಶಾಸ್ತ್ರಕ್ಕೆ ಮುಗಿಸಬೇಡಿ. ಕರಡನ್ನು ಕನ್ನಡದಲ್ಲಿ, ನಕ್ಷೆಯ ಸಮೇತ, ಪ್ರತಿ ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿ ಹಾಕಿಸಿ. ಯಾವ ತಾಲ್ಲೂಕನ್ನು ಯಾಕೆ ಅತ್ತಿಂದಿತ್ತ ಮಾಡಲಾಯಿತು ಎಂಬುದಕ್ಕೆ ಕಾರಣವನ್ನು, ಜನಸಂಖ್ಯೆಯ ಅಂಕಿಯ ಪಕ್ಕದಲ್ಲೇ ರಸ್ತೆಯ ದೂರವನ್ನೂ ಬರೆದು, ಪ್ರಕಟಿಸಿ. ಹಿಂದಿನ ಚುನಾವಣೆಗಳ ಮತಗಟ್ಟೆವಾರು ಫಲಿತಾಂಶವನ್ನು ಹೊಸ ಗಡಿಗೆ ಹೊಂದಿಸಿ ಕೊಡಿ. ಗಡಿ ಬದಲಾದಾಗ ಹಳೆಯ ದಾಖಲೆ ಹೊಸದಕ್ಕೆ ತಾಳೆಯಾಗದೆ ಹೋಗುವುದರಿಂದ, ಪ್ರತಿನಿಧಿಯೊಬ್ಬರು ಒಂದು ಊರಿನ ವಿಶ್ವಾಸ ಕಳೆದುಕೊಂಡರೋ ಉಳಿಸಿಕೊಂಡರೋ ಎಂದು ತಿಳಿಯುವುದೇ ಕಷ್ಟವಾಗುತ್ತದೆ.

ವಿಚಾರಣೆಯ ಸ್ಥಳ ಬೆಂಗಳೂರು ಬೇಡ. ಘಟ್ಟದ ಮೇಲೆ ಕೊಪ್ಪ ಅಥವಾ ಮೂಡಿಗೆರೆಯಲ್ಲಿ ಒಂದು, ಕೆಳಗೆ ಬೈಂದೂರಿನಲ್ಲಿ ಒಂದು, ಬಯಲಿಗೆ ಕಡೂರಿನಲ್ಲಿ ಒಂದು ಇಡಿ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ, ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಮತ್ತು ಅಡಿಕೆ ಕೊಯ್ಲು. ಆ ತಿಂಗಳುಗಳಲ್ಲಿ ಸಭೆ ಕರೆದರೆ ತೋಟದ ಜನ ಬರಲಾರರು. ಮಾರ್ಚ್ ಕೊನೆಯಲ್ಲಿ ಕರೆಯಿರಿ, ದಿನಾಂಕವನ್ನು ಹದಿನೈದು ದಿನ ಮುಂಚೆಯಾದರೂ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಶೃಂಗೇರಿ ವಿಧಾನಸಭಾ ಕ್ಷೇತ್ರದ ಒಬ್ಬ ಮತದಾರ